ಖಾಲಿ ಪೆಟ್ಟಿಗೆ ಕಟ್ಟುವ ಗಾಳಿಯಕ್ಕ

ಬೆಳಗಿನ ಐದೂಕಾಲು. ತಗಡಿನ ಶೆಡ್ಡಿನೊಳಗೆ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಾರೆ. ಅವರ ಬಲಗೈ ಭುಜದವರೆಗೂ ಒಂದು ಪೆಟ್ಟಿಗೆಯ ತೂತಿನೊಳಗೆ ಹೋಗಿದೆ. ಕೆನ್ನೆ ಪೆಟ್ಟಿಗೆಯ ಮುಚ್ಚಳಕ್ಕೆ ಒತ್ತಿಕೊಂಡಿದೆ, ಮೂಗು ಬಾಯಿಗೆ ಮಾಸ್ಕ್ ಇದೆ, ಕಣ್ಣು ಮುಚ್ಚಿದೆ. ಹಸುವಿಗೆ ಹೆರಿಗೆ ಮಾಡಿಸುವವರು ಹೀಗೆ ಕೂರುವುದನ್ನು ಕಂಡಿದ್ದೇನೆ. ನಾನು ಬಂದಿದ್ದೇನೆ ಎಂದು ತಿಳಿಸಲು ಕೆಮ್ಮುತ್ತೇನೆ, ಅವರು ತಿರುಗುವುದಿಲ್ಲ. ಎರಡನೇ ಸಲ ಕೆಮ್ಮಿದಾಗ ಮಾಸ್ಕಿನೊಳಗಿಂದಲೇ ಉತ್ತರ ಬರುತ್ತದೆ: "ಇಪ್ಪತ್ತು ನಿಮಿಷ ಮಾತಾಡಿಸ್ಬೇಡಿ. ಅಂಟು ಗಟ್ಟಿಯಾಗ್ತಿದೆ."

ಸಂದರ್ಶನಕ್ಕೆ ಬಂದವನನ್ನು ಹೀಗೆ ಬಾಯಿ ಮುಚ್ಚಿಸಿ ನಿಲ್ಲಿಸಿದವರು ನನ್ನ ಅನುಭವದಲ್ಲಿ ಇವರೊಬ್ಬರೇ. ಅವರ ಗಂಡ ಒಂದು ಸ್ಟೂಲು ಎಳೆದು ಕೊಟ್ಟು, ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತಾರೆ. ಪೆಟ್ಟಿಗೆಯ ಮುಚ್ಚಳ ಕೂರಿಸಿಯಾಗಿದೆಯಂತೆ. ಹೊರಗಿನ ಅಂಚನ್ನು ಯಾರು ಬೇಕಾದರೂ ಅಂಟಿಸಬಹುದಂತೆ. ಒಳಗಿನ ಅಂಚು ಮಾತ್ರ ಕಣ್ಣಿಗೆ ಕಾಣುವುದಿಲ್ಲ, ಒಂದು ಗೇಣೂ ಇಲ್ಲದ ತೂತಿನಲ್ಲಿ ಕೈ ಬಿಟ್ಟು ಬೆರಳಿನಲ್ಲೇ ಹುಡುಕಿ ಪಟ್ಟಿ ಹಚ್ಚಬೇಕು. "ಕಣ್ಣು ಬಿಟ್ರೆ ಕೈಗೆ ಗೊಂದಲ ಆಗುತ್ತೆ ಅಂತಾಳೆ. ಅದಕ್ಕೇ ಮುಚ್ಕೊಂಡಿರೋದು. ನಿದ್ದೆ ಬಂದಿದೆ ಅಂದ್ಕೋಬೇಡಿ."

ಹೊರಗೆ ಬೆಳಕು ಹರಿಯುವ ಹೊತ್ತಿಗೆ ಕೈ ಹೊರಬರುತ್ತದೆ. ಕೈಗವಸಿನ ಮೇಲೆ ಜೇನಿನ ಬಣ್ಣದ ಅಂಟು. ಅವರು ಅದನ್ನು ಕಳಚಿ, ಮಾಸ್ಕ್ ಇಳಿಸಿ, ಆಗ ತಾನೇ ನನ್ನನ್ನು ಕಂಡವರಂತೆ "ಬನ್ನಿ ಬನ್ನಿ, ಯಾವಾಗ ಬಂದ್ರಿ?" ಎಂದು ಕೇಳುತ್ತಾರೆ.

ಹೊಳೆಯಂಚಿನ ಈ ದೋಣಿಕಟ್ಟೆಯಲ್ಲಿ ಇವರನ್ನು ಎಲ್ಲರೂ ಕರೆಯುವುದು ಗಾಳಿಯಕ್ಕ ಎಂದು. ವಯಸ್ಸು ಐವತ್ತೊಂದು. ಕುಳ್ಳಗಿನ ದೇಹ, ಗಂಡನ ಹಳೆಯ ತುಂಬುತೋಳಿನ ಅಂಗಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಸಣ್ಣ ದೋಣಿಗಳಿಗೆ ಫೈಬರ್‌ಗ್ಲಾಸಿನ ಟ್ಯಾಂಕು ಮಾಡುವುದು ಅವರ ಕೆಲಸ. ಟ್ಯಾಂಕು ಎಂದ ಕೂಡಲೇ ನಾನೂ ನಿಮ್ಮ ಹಾಗೆ ನೀರು, ಪೆಟ್ರೋಲು ಎಂದುಕೊಂಡಿದ್ದೆ. ಇವರ ಟ್ಯಾಂಕಿನಲ್ಲಿ ಏನೂ ಇರುವುದಿಲ್ಲ. ಬರೀ ಗಾಳಿ. ದೋಣಿಯ ಮೂತಿಯೊಳಗೆ, ಹಲಗೆಯ ಕೆಳಗೆ ಅದು ಸುಮ್ಮನೆ ಕೂತಿರುತ್ತದೆ. ಎಂದಾದರೂ ಅಲೆ ಬಂದು ದೋಣಿ ತುಂಬಿಕೊಂಡರೆ, ಒಳಗಿನ ಗಾಳಿಯೇ ದೋಣಿಯನ್ನು ಮುಳುಗಗೊಡದೆ ಹಿಡಿದು ನಿಲ್ಲಿಸಬೇಕು. ಖಾಲಿ ಪೆಟ್ಟಿಗೆ ಮಾಡಿ ಕೊಡುತ್ತಾಳೆ, ಗಾಳಿಗೋಪುರ ಕಟ್ಟುತ್ತಾಳೆ ಎಂದು ಮೊದಮೊದಲು ಕಟ್ಟೆಯವರು ಆಡಿಕೊಂಡದ್ದುಂಟು. ಈಗ ಅವರೇ ಸಾಲಿನಲ್ಲಿ ನಿಂತು ಮಾಡಿಸಿಕೊಂಡು ಹೋಗುತ್ತಾರೆ.

ಈ ಬೆಳಿಗ್ಗೆ ಮುಚ್ಚಳ ಕಂಡ ಟ್ಯಾಂಕಿಗೆ ಮಾತ್ರ ಸಾಲಿಲ್ಲ, ಗಡುವಿದೆ. ಅದು ದಾಟಿಸುವ ದೋಣಿಯದು. ಈಚೆ ದಡದಿಂದ ಆಚೆ ದಡಕ್ಕೆ ದಿನಕ್ಕೆ ಹದಿನಾಲ್ಕು ಸಲ ಜನರನ್ನು ಕರೆದೊಯ್ಯುವ ಒಂದೇ ದೋಣಿ. ನಡೆಸುವವರು ಒಬ್ಬ ಹೆಂಗಸು, ಊರವರ ಬಾಯಲ್ಲಿ ದೋಣಿಯಮ್ಮ. ಆಚೆ ದಡದಲ್ಲಿ ತೊಂಬತ್ತು ಮನೆಗಳಿವೆ, ಆಸ್ಪತ್ರೆ ಈಚೆಗಿದೆ, ಸೇತುವೆ ಹೊಳೆಯ ಮೇಲ್ಗಡೆ ಹನ್ನೊಂದು ಕಿಲೋಮೀಟರ್ ದೂರದಲ್ಲಿದೆ. ಎಂಟು ದಿನದ ಹಿಂದೆ ತಪಾಸಣೆಯ ಅಧಿಕಾರಿ ಬಂದು ದೋಣಿಗೆ ಅಂಚಿನವರೆಗೆ ನೀರು ತುಂಬಿಸಿದರು. ಏಳು ಜನ ಕೂತು ಅರ್ಧ ಗಂಟೆ ತೇಲಿದರೆ ಮಾತ್ರ ಪರವಾನಗಿ. ನಾಲ್ಕನೇ ನಿಮಿಷಕ್ಕೆ ದೋಣಿಯ ಮೂತಿ ಕೆಳಗೆ ಹೋಯಿತು. ಬಿಚ್ಚಿ ನೋಡಿದರೆ ಮೂತಿಯೊಳಗೆ ಯಾರೋ ಹಿಂದೆ ತುಂಬಿದ್ದ ಥರ್ಮಾಕೋಲ್ ವರ್ಷಗಟ್ಟಲೆ ನೀರು ಕುಡಿದು ಕೂತಿತ್ತು. ತೂಗಿದರೆ ಮೂವತ್ತು ಕಿಲೋ. ತೇಲಿಸಬೇಕಾದದ್ದೇ ಮುಳುಗಿಸಲು ಹೊರಟಿತ್ತು. ಅಧಿಕಾರಿ ಕೆಟ್ಟವರಲ್ಲ, ಹತ್ತು ದಿನ ಕೊಟ್ಟರು. ಹತ್ತನೇ ದಿನ ಮತ್ತೆ ಮುಳುಗಿದರೆ ದೋಣಿ ಕಟ್ಟೆಯಲ್ಲೇ ಒಣಗಬೇಕು, ತೊಂಬತ್ತು ಮನೆಯವರು ಇಪ್ಪತ್ತೆರಡು ಕಿಲೋಮೀಟರ್ ಸುತ್ತಬೇಕು.

ದೋಣಿಯಮ್ಮ ಅವತ್ತೇ ಸಂಜೆ ಒದ್ದೆ ಬಟ್ಟೆಯಲ್ಲೇ ಈ ಶೆಡ್ಡಿಗೆ ಬಂದರಂತೆ. ಬಂದವರು ಟ್ಯಾಂಕು ಬೇಕು ಎಂದೂ ಹೇಳಲಿಲ್ಲವಂತೆ. ಗಾಳಿಯಕ್ಕ ಕೇಳಿದ್ದು ಒಂದೇ ಮಾತು: "ದೋಣಿ ಎಲ್ಲಿದೆ? ಮೂತಿ ಅಳತೆ ತಗೋಬೇಕು."

ಆ ಅಳತೆ ತೆಗೆಯುವ ಬಗೆಯನ್ನು ನೋಡಬೇಕು. ಟೇಪು ಹಿಡಿಯುವುದಿಲ್ಲ. ದೋಣಿಯ ಹೊಟ್ಟೆ ಎಲ್ಲೆಂದರಲ್ಲಿ ಬಾಗಿರುತ್ತದೆ, ಟೇಪಿಗೆ ಬಾಗುವುದು ಗೊತ್ತು, ಬಾಗಿದ್ದನ್ನು ಹೇಳುವುದು ಗೊತ್ತಿಲ್ಲ ಎನ್ನುತ್ತಾರೆ. ಅಂಗಡಿಯ ರಟ್ಟಿನ ಡಬ್ಬಗಳನ್ನು ಕತ್ತರಿಸಿ, ಮೂತಿಯೊಳಗೆ ಇಟ್ಟು ನೋಡಿ, ಮತ್ತೆ ಕತ್ತರಿಸಿ, ಟೈಲರು ಅಂಗಿಯ ಅಳತೆಗೆ ಕಾಗದ ಕತ್ತರಿಸುವಂತೆ ಇಡೀ ಟ್ಯಾಂಕನ್ನು ಮೊದಲು ರಟ್ಟಿನಲ್ಲೇ ಹೊಲಿದುಬಿಡುತ್ತಾರೆ. ಆಮೇಲೆ ಅದೇ ಆಕಾರದ ಪ್ಲೈವುಡ್ ಅಚ್ಚು. ಅಚ್ಚಿನ ಒಳಮೈಗೆ ಐದು ಸಲ ಮೇಣ ಉಜ್ಜುವುದು. ನಾಲ್ಕು ಸಲ ಉಜ್ಜಿದರೆ ಏನಾಗುತ್ತದೆ ಎಂದು ನಾನು ಕೇಳುತ್ತೇನೆ. ಅಚ್ಚೂ ಟ್ಯಾಂಕೂ ಗಂಡ ಹೆಂಡತಿ ಆಗಿಬಿಡುತ್ತವೆ, ಏನು ಮಾಡಿದರೂ ಬಿಡಿಸಲಾಗುವುದಿಲ್ಲ ಎಂದು ಅವರ ಗಂಡ ಹೇಳುತ್ತಾರೆ.

ಆಮೇಲಿನದು ಗಾಜಿನ ಚಾಪೆ. ಕೂದಲಿಗಿಂತ ತೆಳ್ಳಗಿನ ಗಾಜಿನ ಎಳೆಗಳ ಬಿಳಿ ಹಾಸು ಅದು. ಅದನ್ನು ಅಚ್ಚಿನೊಳಗೆ ಹಾಸಿ, ರೆಸಿನ್ ಎಂಬ ಅಂಟಿನಿಂದ ತೋಯಿಸಿ, ಸಣ್ಣ ಕಬ್ಬಿಣದ ರೋಲರ್ ಉರುಳಿಸಿ ಗುಳ್ಳೆಗಳನ್ನು ಓಡಿಸಬೇಕು. ಮೂರು ಪದರ. ಒಂದು ಕಿಲೋ ಅಂಟಿಗೆ ಹದಿನೈದು ಮಿಲಿಲೀಟರ್ ಗಟ್ಟಿಮದ್ದು ಬೆರೆಸಿದರೆ ಬೆಳಗಿನ ತಂಪಿನಲ್ಲಿ ಇಪ್ಪತ್ತೈದು ನಿಮಿಷ ಸಿಗುತ್ತದೆ. ಬಿಸಿಲೇರಿ ತಗಡು ಕಾದ ಮೇಲೆ ಅದೇ ಅಂಟು ಹತ್ತು ನಿಮಿಷಕ್ಕೆ ಕಲ್ಲು. ಆದ್ದರಿಂದಲೇ ಗಾಳಿಯಕ್ಕ ನಾಲ್ಕಕ್ಕೆ ಏಳುತ್ತಾರೆ, ಐದರಿಂದ ಎಂಟರವರೆಗೆ ಅಂಟು ಮುಟ್ಟುತ್ತಾರೆ, ಎಂಟರ ಮೇಲೆ ಉಜ್ಜುವುದು, ಕತ್ತರಿಸುವುದು, ಬೈಸಿಕೊಳ್ಳುವುದು. ಕೊನೆಯದು ಗಂಡನ ಪಾಲು.

ಗಾಜಿನ ಎಳೆ ಚರ್ಮಕ್ಕೆ ಹೊಕ್ಕರೆ ಮೂರು ದಿನ ತುರಿಕೆ. ಕೆಲಸಕ್ಕೆ ಮೊದಲು ಕೈಗೆ ಪೌಡರ್ ಬಳಿದುಕೊಳ್ಳುತ್ತಾರೆ, ಮುಗಿದ ಮೇಲೆ ತಣ್ಣೀರಿನಲ್ಲೇ ತೊಳೆಯುತ್ತಾರೆ. ಬಿಸಿನೀರು ಹಾಕಿದರೆ ಚರ್ಮ ಬಾಯಿ ತೆರೆದು ಎಳೆಯನ್ನು ಒಳಗೆ ಕರೆದುಕೊಳ್ಳುತ್ತದಂತೆ. ಇಷ್ಟೆಲ್ಲ ಮಾಡಿಯೂ ಅವರ ಮೊಣಕೈಯವರೆಗೆ ಕೆಂಪು ಚುಕ್ಕೆಗಳಿವೆ. ಕೈ ಕೆಸರಾದರೆ ಬಾಯಿ ಮೊಸರು ಎಂದು ನಾನು ಸುಮ್ಮನಿರಲಾರದೆ ಅನ್ನುತ್ತೇನೆ. "ಕೆಸರು ತೊಳೆದ್ರೆ ಹೋಗುತ್ತಲ್ಲ" ಎಂದು ಅವರು ನಗುತ್ತಾರೆ. ನನ್ನ ಗಾದೆ ಅಲ್ಲಿಗೆ ಮುಗಿಯಿತು.

ಕಲಿತದ್ದು ಎಲ್ಲಿ? ಹದಿನೆಂಟನೇ ವಯಸ್ಸಿಗೆ ಸ್ನಾನದ ತೊಟ್ಟಿ ಮಾಡುವ ಕಾರ್ಖಾನೆ ಸೇರಿದ್ದರು, ಗುಡಿಸುವ ಕೆಲಸಕ್ಕೆ. ಯಾರ ಕೈಯೂ ಹೋಗದ ಸಂದಿಯೊಳಗೆ ಬಿದ್ದ ಸ್ಪ್ಯಾನರನ್ನು ಒಂದು ದಿನ ಇವರು ಸಲೀಸಾಗಿ ತೆಗೆದುಕೊಟ್ಟರು. ಅದನ್ನು ನೋಡಿದ ಮೇಸ್ತ್ರಿ ಮರುದಿನ ಪೊರಕೆ ಕಸಿದುಕೊಂಡು ರೋಲರ್ ಕೊಟ್ಟರು. ಹದಿನಾಲ್ಕು ವರ್ಷ ಅಲ್ಲಿ ಒಳಗಿನ ಅಂಚು ಹಚ್ಚಿದರು. ಕಾರ್ಖಾನೆ ಬಾಗಿಲು ಹಾಕಿದಾಗ ಮನೆಗೆ ತಂದದ್ದು ಆ ರೋಲರನ್ನು. ಮೊದಲು ದೋಣಿಗಳ ಬಿರುಕು ತೇಪೆ ಹಾಕಿದರು, ಆಮೇಲೆ ಟ್ಯಾಂಕು. ಇದುವರೆಗೆ ಮುನ್ನೂರ ನಲವತ್ತು ಟ್ಯಾಂಕು ಕಟ್ಟಿದ್ದೇನೆ ಎನ್ನುತ್ತಾರೆ. ಲೆಕ್ಕ ಇಟ್ಟವರು ಗಂಡ. ಅವರ ಪ್ರಕಾರ ಮುನ್ನೂರ ನಲವತ್ತೊಂದು. ಆ ಒಂದರ ವಿಷಯದಲ್ಲಿ ಇಬ್ಬರಿಗೂ ಒಮ್ಮತವಿಲ್ಲ, ಅದನ್ನು ಎಣಿಸಬೇಕೋ ಬೇಡವೋ ಎಂದು.

ಅದು ಗಂಡನ ದೋಣಿಗೇ ಮಾಡಿದ ಟ್ಯಾಂಕು, ಹದಿನೇಳು ವರ್ಷದ ಹಿಂದೆ. ಆಗ ಅವರು ಬಲೆ ಬೀಸಲು ಒಬ್ಬರೇ ಹೋಗುತ್ತಿದ್ದರು. ಗಾಳಿಯಕ್ಕ ತಮ್ಮ ಜೀವಮಾನದಲ್ಲೇ ಅಷ್ಟು ಅಚ್ಚುಕಟ್ಟಾದ ಟ್ಯಾಂಕು ಮಾಡಿರಲಿಲ್ಲ. ಎಲ್ಲೂ ಒಂದು ಸೂಜಿಮೊನೆಯಷ್ಟೂ ತೂತಿಲ್ಲ. ತಪ್ಪಾದದ್ದೂ ಅದೇ. ತಂಪಾದ ಬೆಳಿಗ್ಗೆ ಮುಚ್ಚಿದ ಗಾಳಿ ಮಧ್ಯಾಹ್ನದ ಬಿಸಿಲಿಗೆ ಉಬ್ಬಿತು. ಹೊರಗೆ ಬರಲು ದಾರಿಯಿಲ್ಲದೆ ಒಳಗಿನ ಅಂಚನ್ನೇ ಕೂದಲೆಳೆಯಷ್ಟು ಬಿಡಿಸಿಕೊಂಡಿತು. ಮೇಲೆ ನೋಡಿದವರಿಗೆ ಏನೂ ಕಾಣಲಿಲ್ಲ. ಎರಡು ತಿಂಗಳ ಮೇಲೆ ಅಲೆ ಬಂದು ದೋಣಿ ತುಂಬಿತು, ಟ್ಯಾಂಕೂ ತುಂಬಿತು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಅವರಿಗೆ ಸಿಕ್ಕಿದ್ದು ಒಂದು ಹುಟ್ಟು. ಅದನ್ನು ತಬ್ಬಿಕೊಂಡು ಒಂದೂವರೆ ಗಂಟೆ ತೇಲಿದರು. ಅವತ್ತಿನಿಂದ ಅವರು ದೋಣಿ ಹತ್ತಿಲ್ಲ. ಬಲೆ ಮಾರಿ, ಹೆಂಡತಿಯ ಶೆಡ್ಡಿನಲ್ಲಿ ಚಾಪೆ ಕತ್ತರಿಸಲು ಕೂತರು.

ಇದನ್ನೆಲ್ಲ ಗಂಡ ತಮಾಷೆಯಾಗಿಯೇ ಹೇಳುತ್ತಾರೆ. ಗಾಳಿಯಕ್ಕ ನಗುವುದಿಲ್ಲ. "ಅವತ್ತು ಇವರು ನೀರಲ್ಲಿದ್ರು, ನಾನು ದಡದಲ್ಲಿದ್ದೆ. ಮಾಡಿದೋಳು ನಾನು, ಕೂತೋರು ಇವರು. ಅದು ನ್ಯಾಯ ಅಲ್ಲ."

ಆಮೇಲೆ ಅವರು ಎರಡು ಕಟ್ಟುಪಾಡು ಹಾಕಿಕೊಂಡರು. ಪ್ರತಿ ಟ್ಯಾಂಕಿಗೂ ಹೆಬ್ಬೆರಳು ಗಾತ್ರದ ಹಿತ್ತಾಳೆಯ ಬಿರಡೆ: ದಡದಲ್ಲಿದ್ದಾಗ ತೆಗೆದಿಡಬೇಕು, ಹೊರಡುವಾಗ ತಿರುಗಿಸಿ ಮುಚ್ಚಬೇಕು. ಎರಡನೆಯದು, ಯಾವ ದೋಣಿಗೆ ನೀರು ತುಂಬಿಸಿ ಪರೀಕ್ಷೆ ಮಾಡಿದರೂ ಅದರ ಮೂತಿಯಲ್ಲಿ, ತಮ್ಮ ಟ್ಯಾಂಕಿನ ಮೇಲೆಯೇ, ತಾವು ಕೂರುವುದು. ಅವರಿಗೆ ಈಜು ಬರುವುದಿಲ್ಲ. ಕಲಿಯಬಹುದಲ್ಲ ಎಂದರೆ, ಈಜು ಬರುವವರು ಕೂತರೆ ಟ್ಯಾಂಕಿನ ಮೇಲೆ ನಂಬಿಕೆ ಇಟ್ಟ ಹಾಗೆ ಆಗುವುದಿಲ್ಲವಲ್ಲ ಎನ್ನುತ್ತಾರೆ.

ಈಗ ದೋಣಿಯಮ್ಮನ ಟ್ಯಾಂಕಿಗೆ ಬರೋಣ. ಅದರ ಮುಚ್ಚಳ ಇವತ್ತು ಕಂಡದ್ದು ಎರಡನೇ ಸಲ. ಮೊದಲ ಮುಚ್ಚಳ ನಾಲ್ಕನೇ ದಿನವೇ ಕೂತಿತ್ತು. ನೂರ ಹತ್ತು ಲೀಟರು ಗಾಳಿ ಹಿಡಿಯುವ ಪೆಟ್ಟಿಗೆ, ತೂಕ ಬರೀ ಐದು ಕಿಲೋ ಎಂಟುನೂರು ಗ್ರಾಂ. ಅದೇ ಗಾತ್ರವನ್ನು ಕಬ್ಬಿಣದಲ್ಲಿ ಮಾಡಿದರೆ ಮೂವತ್ತು ಕಿಲೋ ದಾಟುತ್ತದೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಕೆಲಸ ಇದು. ಪದರ ಕಡಿಮೆಯಾದರೆ ಸೀಳುತ್ತದೆ, ಹೆಚ್ಚಾದರೆ ಭಾರ. ಇನ್ನೊಂದು ಪದರ ಹಾಕು, ಗಟ್ಟಿಯಾಗಲಿ ಎಂದು ಗಂಡ ಹೇಳಿದ್ದಕ್ಕೆ, ತೇಲಿಸಲು ಬಂದದ್ದೇ ಹೊರೆಯಾದರೆ ಥರ್ಮಾಕೋಲಿಗೂ ನನಗೂ ಏನು ವ್ಯತ್ಯಾಸ ಎಂದು ಇವರು ಗದರಿದರಂತೆ.

ಆರನೇ ದಿನ ಸೋಪಿನ ಪರೀಕ್ಷೆ. ಕೈ ಬಿಟ್ಟ ತೂತಿಗೆ ಬಿರಡೆಯಿರುವ ಬಿಲ್ಲೆ ಕೂರಿಸಿ ಬಿಗಿದು, ಬಿರಡೆಯ ತೂತಿಗೆ ಸೈಕಲ್ ಪಂಪು ಸಿಕ್ಕಿಸಿ ಮೆಲ್ಲಗೆ ಗಾಳಿ ಕೊಟ್ಟು, ಅಂಚಿಗೆಲ್ಲ ಸೋಪಿನ ನೊರೆ ಬಳಿದರು. ಮೂತಿಯ ತುದಿಯಲ್ಲಿ, ಎರಡು ಗೋಡೆಗಳು ಕೂಡುವ ಕಡೆ, ಸಾಸಿವೆ ಗಾತ್ರದ ಒಂದು ಗುಳ್ಳೆ ಎದ್ದಿತು. ಒಡೆಯಿತು. ಮತ್ತೆ ಎದ್ದಿತು. ಏನಾಗಿತ್ತೆಂದು ಗಾಳಿಯಕ್ಕನಿಗೆ ಆ ಕ್ಷಣವೇ ಹೊಳೆಯಿತಂತೆ. ಒಂದು ದಿನ ಉಳಿಸುವ ಆಸೆಗೆ ಅವರು ಮುಚ್ಚಳವನ್ನು ಎಂಟು ಗಂಟೆಯ ಮೇಲೆ ಕೂರಿಸಿದ್ದರು. ಒಳಗೆ ಕೈ ಆ ತುದಿ ಮುಟ್ಟುವ ಹೊತ್ತಿಗೆ ಅಂಟು ಬೆರಳಿನಡಿ ಮೊಸರಿನ ಹಾಗೆ ಹೆಪ್ಪುಗಟ್ಟತೊಡಗಿತ್ತು. ಗೊತ್ತಾಯಿತು, ಆದರೂ ಒತ್ತಿ ಬಿಟ್ಟಿದ್ದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ತಮಗೆ ತಾವೇ ಬೈದುಕೊಂಡು ನನಗೆ ಇದನ್ನು ಹೇಳಿದರು. ಯಾರೂ ಕೇಳಿರಲಿಲ್ಲ, ಬಚ್ಚಿಡಬಹುದಿತ್ತು.

ಹೊರಗಿನಿಂದ ಒಂದು ತೇಪೆ ಹಾಕಿದರೆ ಗುಳ್ಳೆ ನಿಲ್ಲುತ್ತಿತ್ತು. ಹಾಕಿ ನೋಡಿದರು, ನಿಂತಿತು. ಪಕ್ಕದಲ್ಲೇ ನಿಂತಿದ್ದ ದೋಣಿಯಮ್ಮ ಉಸಿರು ಬಿಟ್ಟು, ಸಾಕಲ್ಲ ಅಕ್ಕಾ, ಇನ್ನು ನಾಲ್ಕೇ ದಿನ ಇದೆ ಎಂದರು. ಗಾಳಿಯಕ್ಕ ಆ ತೇಪೆಯನ್ನು ಉಗುರಿನಿಂದ ತಟ್ಟಿ ನೋಡಿದರು. ಆಮೇಲೆ ಹೇಳಿದರು: "ಇದು ಅರ್ಧ ಗಂಟೆ ನಿಲ್ಲುತ್ತಮ್ಮ. ಪರವಾನಗಿನೂ ಸಿಗುತ್ತೆ. ಆದ್ರೆ ನೀನು ಜನರನ್ನ ದಾಟಿಸೋದು ಅರ್ಧ ಗಂಟೆ ಅಲ್ಲವಲ್ಲ."

ಹೇಳಿದವರೇ ಗರಗಸದ ಯಂತ್ರ ಹಿಡಿದು ಮುಚ್ಚಳವನ್ನು ಸುತ್ತಲೂ ಕೊಯ್ದು ತೆಗೆದರು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಲ್ಲಿ ಕುಂಬಾರನೂ ಅವರೇ, ದೊಣ್ಣೆಯೂ ಅವರದೇ. ದೋಣಿಯಮ್ಮ ಅತ್ತುಬಿಟ್ಟರಂತೆ. ಏಳನೇ ದಿನ ಹೊಸ ಮುಚ್ಚಳ, ಎಂಟನೇ ದಿನ ಬೆಳಿಗ್ಗೆ ನಾನು ಕಂಡ ಆ ಕುರುಡು ಕೆಲಸ. ಅದು ಒಣಗಿದ ಮೇಲೆ ಗಾಳಿಯಕ್ಕ ತೂತಿನೊಳಗೆ ಒಂದು ಬಲ್ಬು ಇಳಿಸುತ್ತಾರೆ. ಇಡೀ ಟ್ಯಾಂಕು ಒಳಗಿನಿಂದ ಹಳದಿಯಾಗಿ ಬೆಳಗುತ್ತದೆ. ಗುಳ್ಳೆ ಇದ್ದರೆ ಬಿಳಿ ಚುಕ್ಕೆಯಾಗಿ ಕಾಣುತ್ತದಂತೆ. ನಾನೂ ಸುತ್ತಲೂ ನಡೆದು ಹುಡುಕುತ್ತೇನೆ, ಒಂದೂ ಇಲ್ಲ. ತಕ್ಕಡಿಯಲ್ಲಿ ಐದು ಕಿಲೋ ಒಂಬೈನೂರು. ಒಂಬತ್ತನೇ ದಿನ ಸೋಪಿನ ಪರೀಕ್ಷೆ ಪಾಸು. ಅದೇ ಸಂಜೆ ಟ್ಯಾಂಕು ದೋಣಿಯ ಮೂತಿ ಸೇರಿ, ಅದರ ಮೇಲೆ ಹಲಗೆ ಬೀಳುತ್ತದೆ. ಇನ್ನು ಹೊರಗೆ ಕಾಣುವುದು ಬಿರಡೆಯೊಂದೇ.

ಹತ್ತನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಕಟ್ಟೆಯಲ್ಲಿ ಜನ. ಆಚೆ ದಡದವರೂ ಅಂಚಿಗೆ ಬಂದು ನಿಂತಿದ್ದಾರೆ. ಅಧಿಕಾರಿ ಗಡಿಯಾರ ನೋಡುತ್ತಾರೆ, ತಲೆ ಎಣಿಸುತ್ತಾರೆ. ದೋಣಿಯಮ್ಮ, ದಿನವೂ ದಾಟುವ ನರ್ಸು, ಆಚೆ ದಡದ ಮೂವರು, ಮೂತಿಯಲ್ಲಿ ಗಾಳಿಯಕ್ಕ. ಆರು. ಬರುತ್ತೇನೆಂದಿದ್ದ ಏಳನೆಯವರಿಗೆ ನೆಗಡಿಯಂತೆ. ಏಳು ಜನ ಆಗದೆ ಪರೀಕ್ಷೆ ಶುರುವಾಗದು. ನಾನೇ ಇಳಿಯಬಹುದಿತ್ತು. ಕೈಯಲ್ಲಿ ನೋಟ್‌ಬುಕ್ ಇದೆ ಎಂಬ ನೆಪ ಸಿಕ್ಕಿತು, ಹಿಡಿದುಕೊಂಡೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಅಷ್ಟರಲ್ಲಿ ಗಾಳಿಯಕ್ಕನ ಗಂಡ ಪ್ಯಾಂಟು ಮಡಚಿಕೊಂಡು ಮೆಟ್ಟಿಲಿಳಿಯುತ್ತಾರೆ. ಹದಿನೇಳು ವರ್ಷ ದೋಣಿಯ ಅಂಚು ಮುಟ್ಟದ ಮನುಷ್ಯ. ಗಾಳಿಯಕ್ಕ ಎದ್ದು, "ನೀವ್ಯಾಕೆ?" ಎನ್ನುತ್ತಾರೆ. ಅವರು ಹೆಂಡತಿಯ ಪಕ್ಕದಲ್ಲೇ ಕೂತು ಅಂಚನ್ನು ಎರಡೂ ಕೈಯಲ್ಲಿ ಹಿಡಿಯುತ್ತಾರೆ. "ಮೊನ್ನೆ ನೀನು ಕೊಯ್ದು ತೆಗೆದೆಯಲ್ಲ, ಅದನ್ನ ನೋಡಿದ ಮೇಲೆ ಕೂರಬಹುದು ಅನ್ನಿಸ್ತು."

ಪಂಪು ನೀರು ಸುರಿಯುತ್ತದೆ. ಪಾದ, ಮೊಣಕಾಲು, ಸೊಂಟ. ದೋಣಿಯ ಅಂಚು ಎರಡು ಬೆರಳು ನೀರಿನಡಿ ಹೋಗುತ್ತದೆ. ನೀರಿನ ಮೇಲೆ ಏಳು ಜನ ಕೆಳಗೆ ಏನೂ ಇಲ್ಲದೆಯೇ ಕೂತಂತೆ ಕಾಣುತ್ತಾರೆ. ನಾಲ್ಕನೇ ನಿಮಿಷ ದಾಟುತ್ತದೆ. ಒಂಬತ್ತನೇ ನಿಮಿಷಕ್ಕೆ ಮೂತಿಯ ಹತ್ತಿರ ನೀರಿನಲ್ಲಿ ಗುಳ್ಳೆಗಳು ಏಳುತ್ತವೆ. ನನ್ನ ಪಕ್ಕದಲ್ಲಿ ನಿಂತವರೊಬ್ಬರು ಹೋಯಿತು ಎಂದುಬಿಟ್ಟರು. ಅಧಿಕಾರಿ ಒಂದು ಹೆಜ್ಜೆ ಮುಂದೆ ಬಂದರು. ಗಾಳಿಯಕ್ಕ ಬಾಗಿ ನೀರಿನೊಳಗೆ ಕೈ ಬಿಟ್ಟು ಬಿರಡೆ, ಅಂಚು, ಹಲಗೆಯ ಅಡಿ ಎಲ್ಲವನ್ನೂ ತಡವುತ್ತಾರೆ. ಆಮೇಲೆ ತಲೆ ಎತ್ತುತ್ತಾರೆ. "ಹಲಗೆ ಕೆಳಗೆ ಸಿಕ್ಕಾಕೊಂಡಿದ್ದ ಗಾಳಿ ಸಾರ್" ಎಂದು ಅವರು ಅಧಿಕಾರಿಗೆ ಹೇಳುತ್ತಾರೆ. "ನನ್ನ ಗಾಳಿ ಒಳಗೇ ಇದೆ."

ಗುಳ್ಳೆ ತಾನಾಗಿ ನಿಂತಿತು. ಇಪ್ಪತ್ತನೇ ನಿಮಿಷಕ್ಕೆ ನರ್ಸಿಗೆ ಚಳಿ ಹತ್ತಿ ಹಲ್ಲು ಕಟಕಟ ಎನ್ನುತ್ತದೆ, ಗಾಳಿಯಕ್ಕನ ಗಂಡ ಅವರನ್ನು ನಗಿಸುತ್ತಾರೆ. ಮೂವತ್ತಕ್ಕೆ ಅಧಿಕಾರಿ ಗಡಿಯಾರ ಇಳಿಸಿ, ಇಳಿಯಬಹುದು ಎನ್ನುತ್ತಾರೆ. ಆಚೆ ದಡದಲ್ಲಿ ಕೂಗಿದ್ದು ಈಚೆಗೆ ಕೇಳುತ್ತದೆ. ದೋಣಿಯಮ್ಮ ಕಟ್ಟೆಯ ಮೇಲೆ ಕೂತು ಗಾಳಿಯಕ್ಕನ ಕೈಗಳನ್ನು ಹಿಡಿದುಕೊಂಡು ಬಿಡುವುದೇ ಇಲ್ಲ. ನನ್ನ ಟ್ಯಾಂಕಲ್ಲ, ನನ್ನ ದೋಣಿಯಲ್ಲ, ಆದರೂ ನನಗೆ ಅಷ್ಟು ಹೆಮ್ಮೆ, ಸುಳ್ಳು ಹೇಳಲಾರೆ.

ಪರವಾನಗಿಯ ಕಾಗದದಲ್ಲಿ ದೋಣಿ ಕಟ್ಟಿದವರ ಹೆಸರಿಗೆ ಜಾಗವಿದೆ, ಇಂಜಿನ್ನಿನ ನಂಬರಿಗೆ ಜಾಗವಿದೆ. ಟ್ಯಾಂಕು ಮಾಡಿದವರಿಗೆ ಇಲ್ಲ. ದೋಣಿಯಮ್ಮ ಬಿಡದೆ ಕೇಳಿದಾಗ ಅಧಿಕಾರಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ, ಬರೆಯಲು ಸ್ಥಳ ಸಿಗದೆ ಹಾಗೆಯೇ ಮಡಚಿ ಕೊಡುತ್ತಾರೆ. ಗಾಳಿಯಕ್ಕನಿಗೆ ಅದರ ಕಡೆ ಲಕ್ಷ್ಯವೇ ಇಲ್ಲ. ನಡುಗುತ್ತಿರುವ ಗಂಡನ ತಲೆಯನ್ನು ಟವೆಲ್ಲಿನಿಂದ ಒರೆಸುತ್ತಿದ್ದಾರೆ.

ಹೊರಡುವ ಮುನ್ನ, ನಮ್ಮ ಕಸುಬಿನವರು ತಪ್ಪದೆ ಕೇಳುವ ಪ್ರಶ್ನೆಯನ್ನು ನಾನೂ ಕೇಳುತ್ತೇನೆ: ನಿಮಗೇನು ಆಸೆ? ಅವರು ಟವೆಲ್ ಹಿಂಡುತ್ತ ಯೋಚಿಸುತ್ತಾರೆ.

"ನಾನು ಮಾಡಿದ ಒಂದು ಟ್ಯಾಂಕೂ ಯಾವತ್ತೂ ಯಾರಿಗೂ ಕೆಲಸಕ್ಕೆ ಬರದೇ ಇರಲಿ."

ನಾನು ಬರೆದುಕೊಂಡು ನೋಟ್‌ಬುಕ್ ಮುಚ್ಚುತ್ತೇನೆ. ಅವರು ತಡೆಯುತ್ತಾರೆ.

"ಅಷ್ಟಕ್ಕೇ ನಿಲ್ಲಿಸ್ಬೇಡಿ. ಬಂದ್ರೆ ತೇಲುತ್ತೆ ಅಂತಾನೂ ಬರೀರಿ."